ಹೊಸ ಸ್ಟುಡಿಯೋ ಪಿಸಿ: ಹಳೇ ಡಿಸ್ಕ್ ಕ್ಲೋನ್ ಮಾಡಬೇಕಾ, ಎಲ್ಲಾ ಹೊಸದಾಗಿ ಹಾಕಬೇಕಾ?

ತಂಬೂರಿ_ಕಲಬುರಗಿ

ನಮಸ್ಕಾರ. ಕಲಬುರಗಿಯ ಒಂದು ಸಣ್ಣ ರೆಕಾರ್ಡಿಂಗ್ ರೂಮಿನ ಪಿಸಿ ಬದಲಾಗುತ್ತಿದೆ.

ಹಳೇದು ಇಂಟೆಲ್ ಐ5-4570, 16 ಜಿಬಿ ಡಿಡಿಆರ್3, ವಿಂಡೋಸ್ 10. ಸಿ ಡ್ರೈವ್ 500 ಜಿಬಿ ಸಾಟಾ ಎಸ್‌ಎಸ್‌ಡಿ. ಡಿ ಡ್ರೈವ್ 2 ಟಿಬಿ ಹಾರ್ಡ್‌ಡಿಸ್ಕ್, ಅದರಲ್ಲಿ 800 ಜಿಬಿಯಷ್ಟು ಸ್ಯಾಂಪಲ್ ಲೈಬ್ರರಿ (ಮೊದಲೇ ರೆಕಾರ್ಡ್ ಮಾಡಿದ ವಾದ್ಯಗಳ ದನಿ). ಹೊಸದು ರೈಜನ್ 7 7700, ಬಿ650 ಬೋರ್ಡ್, 32 ಜಿಬಿ ಡಿಡಿಆರ್5, 1 ಟಿಬಿ ಮತ್ತು 2 ಟಿಬಿ ಎರಡು ಎನ್‌ವಿಎಂಇ (ಬೋರ್ಡಿನ ಮೇಲೇ ಕೂರುವ ವೇಗದ ಎಸ್‌ಎಸ್‌ಡಿ). ವಿಂಡೋಸ್ 10ಕ್ಕೆ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು, 4ನೇ ತಲೆಮಾರಿನ ಇಂಟೆಲ್ ಅಂತೂ ವಿಂಡೋಸ್ 11ರ ಪಟ್ಟಿಯಲ್ಲೇ ಇಲ್ಲ. ಹಾಗಾಗಿ ಬದಲಾಯಿಸದೆ ಗತಿಯಿಲ್ಲ.

ರೆಕಾರ್ಡಿಂಗ್‌ಗೆ ಕ್ಯೂಬೇಸ್ ಪ್ರೊ 10.5 (ಲೈಸೆನ್ಸ್ ಯುಎಸ್‌ಬಿ ಡಾಂಗಲ್ ಮೇಲೆ, ಅಂದರೆ ಪೆನ್‌ಡ್ರೈವಿನಂಥ ಕೀಲಿ), ಸ್ಯಾಂಪಲ್‌ನಿಂದ ವಾದ್ಯ ನುಡಿಸುವ ಕಾಂಟ್ಯಾಕ್ಟ್ 6, ವೇವ್ಸ್‌ನ ಪ್ಲಗಿನ್‌ಗಳು (ಕ್ಯೂಬೇಸ್ ಒಳಗೆ ಸೇರುವ ಎಫೆಕ್ಟ್), ಐಲಾಕ್ ಲೈಸೆನ್ಸ್‌ನ ನಾಲ್ಕೈದು ಪ್ಲಗಿನ್, ಜೊತೆಗೆ ಇನ್ನೊಂದು ರೆಕಾರ್ಡಿಂಗ್ ಪ್ರೋಗ್ರಾಂ ರೀಪರ್. ತತ್ವಪದ, ಭಜನೆ, ಜಾನಪದ ಎಲ್ಲಾ ಸೇರಿ 60ರಷ್ಟು ಪ್ರಾಜೆಕ್ಟ್ ಇವೆ. ಎರಡು ಇನ್ನೂ ಮಿಕ್ಸ್‌ನಲ್ಲಿವೆ, ಶರಣಬಸವೇಶ್ವರ ಜಾತ್ರೆಗೆ ಮೊದಲು ಕೊಡಬೇಕು.

ಅಂಗಡಿಯಲ್ಲಿ "ಎಸ್‌ಎಸ್‌ಡಿ ಕ್ಲೋನ್ (ಇಡೀ ಡಿಸ್ಕಿನ ಪಡಿಯಚ್ಚು) ಮಾಡಿಬಿಡಿ, ಅರ್ಧ ತಾಸಿನಲ್ಲಿ ಎಲ್ಲಾ ಇದ್ದ ಹಾಗೇ ಬರುತ್ತೆ" ಅಂತಾರೆ. ಬೇರೆಯವರು ಎಲ್ಲಾ ಹೊಸದಾಗಿ ಹಾಕಿ ಅಂತಾರೆ. ಹಳೇ ಪ್ರಾಜೆಕ್ಟ್ ತೆರೆದಾಗ ಪ್ಲಗಿನ್ ಇಲ್ಲ, ಸ್ಯಾಂಪಲ್ ಇಲ್ಲ ಅಂತ ಕೇಳಬಾರದು, ಅದೊಂದೇ ಚಿಂತೆ. ಯಾವುದು ಸರಿ, ಯಾವ ಕ್ರಮದಲ್ಲಿ?

ಬೀದರ್_ಕನ್ಸೋಲ್

ಬೋರ್ಡೂ ಪ್ರೊಸೆಸರೂ ಎರಡೂ ಬದಲಾದ ಮ್ಯಾಲೆ ಕ್ಲೋನ್ ಬ್ಯಾಡ್ರಿ. ಅಂಗಡಿಯವರು ಹೇಳಿದ್ದು ಸುಳ್ಳಲ್ಲ, ವಿಂಡೋಸ್ 10 ಬ್ಯಾರೆ ಬೋರ್ಡಿನ ಮ್ಯಾಲೂ ಸಾಮಾನ್ಯವಾಗಿ ಏಳ್ತದ. ಆದ್ರ ಎದ್ದು ಕುಂದ್ರೋದು ಬ್ಯಾರೆ, 128 ಸ್ಯಾಂಪಲ್ ಬಫರಿನ (ಪಿಸಿ ಒಂದು ಸಲಕ್ಕ ತಗೊಳ್ಳೋ ದನಿಯ ತುಣುಕು) ಮ್ಯಾಲೆ ತಾಸುಗಟ್ಟಲೆ ಒಂದು ಕ್ಲಿಕ್ ಬರದಂಗ ರೆಕಾರ್ಡ್ ಮಾಡೋದು ಬ್ಯಾರೆ.

ಏಳೋದಕ್ಕೂ ಒಂದು ಅಡ್ಡಿ ಇರಬಹುದು. ಆ ಕಾಲದ ಬೋರ್ಡಿನಾಗ ಭಾಳ ಕಡೆ ವಿಂಡೋಸ್ ಲೆಗಸಿ (ಹಳೇ ಬೂಟ್) ಮೋಡಿನಾಗ, ಎಂಬಿಆರ್ (ಹಳೇ ಪಾರ್ಟಿಷನ್ ಪದ್ಧತಿ) ಡಿಸ್ಕಿನ ಮ್ಯಾಲೆ ಹಾಕಿರ್ತಾರ. ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದು ಡಿಸ್ಕ್ 0 ಮ್ಯಾಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್‌ನಾಗ ವಾಲ್ಯೂಮ್ಸ್ ನೋಡ್ರಿ, ಪಾರ್ಟಿಷನ್ ಸ್ಟೈಲ್ ಅಂತ ಬರೆದಿರ್ತದ. ಎಂಬಿಆರ್ ಇತ್ತು ಅಂದ್ರ ಹೊಸ ಬೋರ್ಡಿನ ಯುಇಎಫ್‌ಐ (ಹೊಸ ಬೂಟ್) ಮೋಡಿನಾಗ ಅದು ಬೂಟ್ ಆಗಂಗಿಲ್ಲ, ಮೊದಲು ಜಿಪಿಟಿಗೆ (ಹೊಸ ಪಾರ್ಟಿಷನ್ ಪದ್ಧತಿಗೆ) ಬದಲಿಸಬೇಕು. ಅಷ್ಟೆಲ್ಲಾ ಮಾಡಿ ಕೈಗೆ ಬರೋದು ಅದೇ ವಿಂಡೋಸ್ 10. ಅದರ ಮ್ಯಾಲೆ ಮತ್ತ 11 ಹೇರಬೇಕು.

ಏಳ್ತು ಅಂತ ತಿಳ್ಕೊಳ್ರಿ. ಇಂಟೆಲ್ ಚಿಪ್‌ಸೆಟ್, ಹಳೇ ಲ್ಯಾನ್, ಹಳೇ ಗ್ರಾಫಿಕ್ಸ್, ಹಳೇ ಬೋರ್ಡಿನ ಫ್ಯಾನ್ ನಡಸೋ ಸಾಫ್ಟ್‌ವೇರ್ ಎಲ್ಲಾ ಬೆನ್ನ ಹಿಂದ ಬರ್ತಾವ. ಡಿವೈಸ್ ಮ್ಯಾನೇಜರಿನಾಗ ವ್ಯೂಗೆ ಹೋಗಿ ಹಿಡನ್ ಡಿವೈಸಸ್ ತೋರಿಸು ಅಂದ್ರ ಮಸುಕಾಗಿ ಕಾಣ್ತಾವ, ಅವು ಸುಮ್ಮನಿರ್ತಾವ. ತ್ರಾಸ ಕೊಡೋದು ಅವುಗಳ ಜೋಡಿ ಬಂದು ಹಿಂದೆ ಓಡ್ತಿರೋ ಸರ್ವಿಸ್‌ಗಳು. 48 ಕಿಲೋಹರ್ಟ್ಜಿನಾಗ 128 ಸ್ಯಾಂಪಲ್ ಅಂದ್ರ 2.67 ಮಿಲಿಸೆಕೆಂಡ್. ಯಾವುದರೆ ಒಂದು ಡ್ರೈವರ್ ಅಷ್ಟೊತ್ತು ಪ್ರೊಸೆಸರನ್ನ ಹಿಡಿದಿಟ್ಟುಕೊಂಡ್ರ ಬಫರ್ ತುಂಬಂಗಿಲ್ಲ, ಟಪ್ ಅಂತ ಶಬ್ದ ಬರ್ತದ. ಆಮ್ಯಾಲೆ ಅದು ಯಾವ ಡ್ರೈವರ್ ಅಂತ ಹುಡುಕೋಕೆ ಹೋಗೋ ಹೊತ್ತಿನಾಗ ಎರಡು ಸಲ ಹೊಸದಾಗಿ ಹಾಕಿ ಮುಗಿಸಬಹುದು.

ಮುಖ್ಯ ಮಾತು ಲೈಸೆನ್ಸಿನದು. ಪ್ರೋಗ್ರಾಂ ಎಷ್ಟು ಸಲ ಬೇಕಾದ್ರೂ ಹಾಕಬಹುದು, ಲೈಸೆನ್ಸ್ ಹಂಗಲ್ಲ. ಕಂಪ್ಯೂಟರಿಗೆ ಕಟ್ಟಿದ ಲೈಸೆನ್ಸ್ ಬೋರ್ಡಿನ ಗುರುತು ನೋಡ್ತದ. ಕ್ಲೋನ್ ಮಾಡಿದ ಡಿಸ್ಕನ್ನ ಹೊಸ ಬೋರ್ಡಿಗೆ ಹಚ್ಚಿದ್ರ ಐಲಾಕ್‌ಗೆ ಅದು ಬ್ಯಾರೆ ಮಷೀನ್. ಹಳೇ ಆ್ಯಕ್ಟಿವೇಷನ್ ಖಾತೆಯಾಗ ಲೆಕ್ಕಕ್ಕ ಉಳೀತದ, ಬಳಸೋಕೆ ಸಿಗಂಗಿಲ್ಲ. ಅದಕ್ಕ ಹಳೇ ಮಷೀನ್ ನಡೀತಿರೋವಾಗಲೇ ಐಲಾಕ್ ಲೈಸೆನ್ಸ್ ಮ್ಯಾನೇಜರ್ ತೆರೆದು, ಆ ಕಂಪ್ಯೂಟರಿನ ಹೆಸರಿನ ಕೆಳಗ ಇರೋ ಒಂದೊಂದರ ಮ್ಯಾಲೂ ರೈಟ್ ಕ್ಲಿಕ್ ಮಾಡಿ ಡಿಆ್ಯಕ್ಟಿವೇಟ್ ಒತ್ರಿ. ವೇವ್ಸ್ ಆದ್ರ ವೇವ್ಸ್ ಸೆಂಟ್ರಲ್‌ನ ಲೈಸೆನ್ಸ್ ಪುಟದಿಂದ ಕ್ಲೌಡಿಗೆ, ಇಲ್ಲಾ ಒಂದು ಸಾದಾ ಪೆನ್‌ಡ್ರೈವಿಗೆ ಸರಿಸ್ರಿ. ಪೆನ್‌ಡ್ರೈವ್ ಮಾಡಿದ್ರ ಆ ಪೆನ್‌ಡ್ರೈವನ್ನ ಬ್ಯಾರೆ ಯಾವ ಕೆಲಸಕ್ಕೂ ಮುಟ್ಟಬ್ಯಾಡ್ರಿ, ಫಾರ್ಮ್ಯಾಟ್ ಆದ್ರ ಅದರಾಗಿನ ಲೈಸೆನ್ಸ್ ಅಳಿಸಿಹೋಗ್ತದ.

ಕ್ಯೂಬೇಸ್ ಡಾಂಗಲ್ ಬಗ್ಗೆ ಇನ್ನೂ ಹುಷಾರ್. ಕ್ಯೂಬೇಸ್ ಮಾಡೋ ಸ್ಟೈನ್‌ಬರ್ಗ್ ಕಂಪನಿ 2025ರ ಮೇ 20ಕ್ಕೆ ಇ-ಲೈಸೆನ್ಸರ್ (ಡಾಂಗಲ್ ಲೈಸೆನ್ಸ್ ನಡಸೋ ವ್ಯವಸ್ಥೆ) ಸೇವೆ ಮುಚ್ಚಿತು. ಡಾಂಗಲ್ ಒಳಗಿರೋದು ಡಾಂಗಲ್ ಇರೋ ತನಕ ನಡೀತದ, ಯಾವ ಮಷೀನಿಗೆ ಹಚ್ಚಿದ್ರೂ. ಮುರೀತು ಅಂದ್ರ ಸರ್ವರಿನಿಂದ ವಾಪಸ್ ಬರಂಗಿಲ್ಲ. ಮುಂದಿನ ಪೋರ್ಟಿಗೆ ಹಚ್ಚಿದ್ರ ಕಾಲು ತಾಗ್ತದ, ಹಿಂದಿನ ಪೋರ್ಟಿಗೆ ಹಚ್ರಿ. ಕಂಪ್ಯೂಟರಿಗೇ ಕಟ್ಟಿದ ಸಾಫ್ಟ್ ಇ-ಲೈಸೆನ್ಸರ್‌ನಾಗ ಏನರೆ ಇದ್ರ, ಅಂದ್ರ ಕ್ಯೂಬೇಸಿನ ಹಳೇ ಎಲಿಮೆಂಟ್ಸ್, ಎಐ, ಎಲ್‌ಇ ಇಂಥ ಸಣ್ಣ ಆವೃತ್ತಿಗಳು, ಅವು ಹೊಸ ಮಷೀನಿಗೆ ಬರಂಗಿಲ್ಲ ಅಂತ ಈಗಲೇ ಲೆಕ್ಕ ಹಾಕ್ರಿ. ಕ್ಯೂಬೇಸ್ 10.5ರ ಇನ್‌ಸ್ಟಾಲರ್, ಇ-ಲೈಸೆನ್ಸರ್ ಕಂಟ್ರೋಲ್ ಸೆಂಟರಿನ ಇನ್‌ಸ್ಟಾಲರ್ ಎರಡೂ ಎರಡು ಜಾಗದಾಗ ಉಳಿಸ್ರಿ. 10.5 ಬಂದಿದ್ದು 2019ರಾಗ, ವಿಂಡೋಸ್ 11 ಬಂದಿದ್ದು 2021ರಾಗ. ಅದಕ್ಕಂತ ಪರೀಕ್ಷೆ ಮಾಡಿದ ಆವೃತ್ತಿ ಅಲ್ಲ ಅದು, ಮೊದಲು ಒಂದು ಪ್ರಾಜೆಕ್ಟಿನ ನಕಲು ತೆರೆದು ನೋಡ್ರಿ.

ಯಾದಗಿರಿ_ಆಡಿಯೋ

ಮೇಲಿನ ಉತ್ತರಕ್ಕೆ ಒಂದು ತಿದ್ದುಪಡಿ. ಆ ಎರಡು ಪ್ರಾಜೆಕ್ಟ್ ಕೈಬಿಡುವ ತನಕ ಒಂದು ಲೈಸೆನ್ಸನ್ನೂ ಸರಿಸಬೇಡಿ. ಜಾತ್ರೆಯ ಕೆಲಸ ಹಳೇ ಪಿಸಿಯಲ್ಲೇ ಮುಗಿಯಲಿ. ಅದೇ ಹೊತ್ತಿಗೆ ಹೊಸದರಲ್ಲಿ ವಿಂಡೋಸ್, ಡ್ರೈವರ್, ರೀಪರ್ ಹಾಕಿ ಪರೀಕ್ಷೆ ಮಾಡುತ್ತಿರಬಹುದು, ಅವಕ್ಕೆ ಹಳೇ ಪಿಸಿಯಿಂದ ಏನೂ ಕಿತ್ತುಕೊಳ್ಳಬೇಕಿಲ್ಲ. ಹಳೇ ಪಿಸಿಯನ್ನು ಕನಿಷ್ಠ ಎರಡು ತಿಂಗಳು ಬಿಚ್ಚಬೇಡಿ, ಮಾರಬೇಡಿ. ಆದರೆ ಇಂಟರ್ನೆಟ್‌ನಿಂದ ತೆಗೆದಿಡಿ.

ಇನ್ನು ನಿಮ್ಮ ನಿಜವಾದ ಚಿಂತೆಗೆ ಬರೋಣ. ಒಂದು ತತ್ವಪದದ ಪ್ರಾಜೆಕ್ಟನ್ನು ಬಿಚ್ಚಿ ನೋಡಿ. ದನಿ, ಏಕತಾರಿ, ಹಾರ್ಮೋನಿಯಂ, ದಮ್ಮಡಿ, ತಾಳ ಇವು ಮೈಕಿನಲ್ಲಿ ಹಿಡಿದವು, ಪ್ರಾಜೆಕ್ಟ್ ಫೋಲ್ಡರಿನ ಆಡಿಯೋ ಒಳಗಿರುತ್ತವೆ. ಆದರೆ ಬೇರೆ ಹಾಡಿನಿಂದ ಎಳೆದು ತಂದ ಒಂದು ತಾಳದ ಲೂಪ್, ಫೋನಿನಲ್ಲಿ ಬಂದು ಡೌನ್‌ಲೋಡ್ಸ್ ಫೋಲ್ಡರಿನಿಂದಲೇ ನೇರ ಎಳೆದು ಹಾಕಿದ ಒಂದು ಆಲಾಪ ಇದ್ದರೆ, ಅವು ಇದ್ದಲ್ಲೇ ಇರುತ್ತವೆ. ಪ್ರಾಜೆಕ್ಟ್ ಅವುಗಳ ವಿಳಾಸ ಮಾತ್ರ ನೆನಪಿಟ್ಟುಕೊಂಡಿರುತ್ತದೆ. ಸ್ಟ್ರಿಂಗ್ಸ್, ಡ್ರೋನ್ ಕಾಂಟ್ಯಾಕ್ಟ್‌ನಿಂದ ಬಂದದ್ದಾದರೆ ಆ ಸ್ಯಾಂಪಲ್ ಡಿ ಡ್ರೈವಿನಲ್ಲಿದೆ. ದನಿಯ ಮೇಲಿನ ಇಕ್ಯೂ, ರಿವರ್ಬ್‌ನ ಅಂಕಿ ಪ್ರಾಜೆಕ್ಟ್ ಫೈಲಿನಲ್ಲೇ ಇದೆ, ಆದರೆ ಅದೇ ಪ್ಲಗಿನ್ ಸಿಕ್ಕರೆ ಮಾತ್ರ ಓದಿಕೊಳ್ಳುತ್ತದೆ. ನೀವು ಸೇವ್ ಮಾಡಿಟ್ಟ ಪ್ರಿಸೆಟ್‌ಗಳು ಮತ್ತೆಲ್ಲೋ. ಹೀಗೆ ಒಂದು ಹಾಡು ನಾಲ್ಕು ಜಾಗದಲ್ಲಿ ಹಂಚಿಹೋಗಿರುತ್ತದೆ. ಎರಡೂ ಡಿಸ್ಕ್ ಕ್ಲೋನ್ ಮಾಡಿದರೆ ನಾಲ್ಕೂ ಬರುತ್ತವೆ ಎಂಬುದು ಅದರ ಒಂದೇ ಆಕರ್ಷಣೆ. ಕೈಯಿಂದ ಒಟ್ಟುಮಾಡಿದರೂ ಬರುತ್ತವೆ.

ಪ್ರತಿ ಪ್ರಾಜೆಕ್ಟ್ ತೆರೆದು ಮೀಡಿಯಾ ಮೆನುವಿನ ಪ್ರಿಪೇರ್ ಆರ್ಕೈವ್ ಕೊಡಿ, ಹೊರಗಿನ ಆಡಿಯೋ ಎಲ್ಲ ಒಳಗೆ ನಕಲಾಗುತ್ತದೆ. ಕಾಂಟ್ಯಾಕ್ಟ್ ಸ್ಯಾಂಪಲ್ ಮಾತ್ರ ಅದರಲ್ಲಿ ಬರುವುದಿಲ್ಲ, ಇಲ್ಲಿಯೇ ಹಲವರು ತಪ್ಪುತ್ತಾರೆ. ಆಮೇಲೆ ಉಪಕರಣದ ಟ್ರ್ಯಾಕ್‌ಗಳನ್ನು ರೆಂಡರ್ ಇನ್ ಪ್ಲೇಸ್ (ಆಡಿಯೋ ಆಗಿ ಬದಲಾವಣೆ) ಮಾಡಿ, ಮೂಲ ಮಿಡಿ (ಸ್ವರಸೂಚನೆಯ) ಟ್ರ್ಯಾಕನ್ನು ಮ್ಯೂಟ್ ಮಾಡಿ ಹಾಗೇ ಬಿಡಿ. ಕೊನೆಗೆ ಎಲ್ಲಾ ಟ್ರ್ಯಾಕನ್ನೂ ಒಂದೇ ಆರಂಭಬಿಂದುವಿನಿಂದ, ಪ್ರಾಜೆಕ್ಟಿನದೇ ಸ್ಯಾಂಪಲ್ ರೇಟಿನಲ್ಲಿ, 24 ಬಿಟ್ ವೇವ್ ಆಗಿ ಎಕ್ಸ್‌ಪೋರ್ಟ್ ಮಾಡಿ. 48 ಕಿಲೋಹರ್ಟ್ಜ್‌ನಲ್ಲಿ ಮೊನೊ ಟ್ರ್ಯಾಕ್ ನಿಮಿಷಕ್ಕೆ 8.64 ಎಂಬಿ. 6 ನಿಮಿಷದ ಹಾಡು, 24 ಟ್ರ್ಯಾಕ್ ಅಂದರೆ 1.25 ಜಿಬಿ ಹತ್ತಿರ. ದನಿಯನ್ನು ಎರಡು ಸಲ ತೆಗೆಯಿರಿ, ಒಂದು ಎಫೆಕ್ಟ್ ಸಮೇತ, ಇನ್ನೊಂದು ಬರೀ ದನಿ. ಹತ್ತು ವರ್ಷದ ನಂತರ ಕ್ಯೂಬೇಸೇ ಇಲ್ಲದಿದ್ದರೂ ಆ ವೇವ್ ಫೈಲ್ ಎಲ್ಲಾದರೂ ತೆರೆಯುತ್ತದೆ. ಊರೂರಿನ ಭಜನಾ ಮಂಡಳಿಯ ಹಿರಿಯರು ಮತ್ತೆ ಹಾಡಲು ಸಿಗುವುದಿಲ್ಲ, ಆ ಟೇಕ್‌ಗಳಿಗಾದರೂ ಇಷ್ಟು ಮಾಡಲೇಬೇಕು. 60 ಪ್ರಾಜೆಕ್ಟಿಗೂ ಒಂದೇ ವಾರದಲ್ಲಿ ಮಾಡಬೇಕೆಂದಿಲ್ಲ, ಮುಖ್ಯವಾದವು ಮೊದಲು.

ಪ್ಲಗಿನ್ ಪಟ್ಟಿಗೆ ಸುಲಭ ದಾರಿ: ಸಿ ಡ್ರೈವ್, ಪ್ರೋಗ್ರಾಂ ಫೈಲ್ಸ್, ಕಾಮನ್ ಫೈಲ್ಸ್, ವಿಎಸ್‌ಟಿ3 (ಪ್ಲಗಿನ್‌ನ ಹೊಸ ಮಾದರಿ) ಫೋಲ್ಡರ್ ತೆರೆಯಿರಿ. ಎಲ್ಲಾ ಸೆಲೆಕ್ಟ್ ಮಾಡಿ, ಶಿಫ್ಟ್ ಹಿಡಿದು ರೈಟ್ ಕ್ಲಿಕ್ ಮಾಡಿ, ಕಾಪಿ ಆ್ಯಸ್ ಪಾತ್ ಒತ್ತಿ ನೋಟ್‌ಪ್ಯಾಡಿಗೆ ಅಂಟಿಸಿ. ಹಳೇ ಮಾದರಿಯ ವಿಎಸ್‌ಟಿ2 ಫೋಲ್ಡರಿಗೂ ಹಾಗೇ. ಈ ಫೋಲ್ಡರ್‌ಗಳನ್ನೇ ಹೊಸ ಪಿಸಿಗೆ ನಕಲು ಮಾಡಿದರೆ ಕೆಲಸ ಆಗುವುದಿಲ್ಲ. ಪ್ಲಗಿನ್‌ನ ಉಳಿದ ಭಾಗ ಪ್ರೋಗ್ರಾಂ ಡೇಟಾದಲ್ಲಿ, ರಿಜಿಸ್ಟ್ರಿಯಲ್ಲಿ ಚದುರಿರುತ್ತದೆ, ಇನ್‌ಸ್ಟಾಲರ್ ಮೂಲಕವೇ ಹೋಗಬೇಕು. ಹಳೇ ಪ್ರಾಜೆಕ್ಟಿನಲ್ಲಿ ವಿಎಸ್‌ಟಿ2 ಬಳಸಿದ್ದರೆ ಹೊಸದರಲ್ಲೂ ವಿಎಸ್‌ಟಿ2 ಹಾಕಿ. ಬರೀ ವಿಎಸ್‌ಟಿ3 ಹಾಕಿದರೆ ಕೆಲವು ತಾವಾಗಿ ಬದಲಾಗುತ್ತವೆ, ಕೆಲವು ಪ್ಲಗಿನ್ ಇಲ್ಲ ಎನ್ನುತ್ತವೆ.

ತರಬೇಕಾದ ಸೆಟ್ಟಿಂಗ್ ಮೂರೇ. ಡಾಕ್ಯುಮೆಂಟ್ಸ್ ಒಳಗಿನ ವಿಎಸ್‌ಟಿ3 ಪ್ರಿಸೆಟ್ಸ್ ಫೋಲ್ಡರ್, ಆ್ಯಪ್ ಡೇಟಾ ರೋಮಿಂಗ್ ಒಳಗೆ ಸ್ಟೈನ್‌ಬರ್ಗ್‌ನ ಕ್ಯೂಬೇಸ್ 10.5 ಫೋಲ್ಡರ್, ರೀಪರ್‌ನ ಎಕ್ಸ್‌ಪೋರ್ಟ್ ಕಾನ್ಫಿಗರೇಷನ್ ಫೈಲ್. ಕ್ಯೂಬೇಸ್ ಫೋಲ್ಡರನ್ನು ಇಡಿಯಾಗಿ ಹೊಸದರ ಮೇಲೆ ಹಾಕಬೇಡಿ, ಹಳೇ ಆಡಿಯೋ ಪೋರ್ಟಿನ ಹೆಸರುಗಳೂ ಬಂದುಬಿಡುತ್ತವೆ. ಕೀ ಕಮಾಂಡ್ ಫೈಲ್, ಪ್ರಿಸೆಟ್, ಟೆಂಪ್ಲೇಟ್ ಸಾಕು.

ಬಳಕೆದಾರನ ಹೆಸರೂ ಮುಖ್ಯ. ಮೈಕ್ರೋಸಾಫ್ಟ್ ಖಾತೆಯಿಂದ ವಿಂಡೋಸ್ 11 ಹಾಕಿದರೆ ಯೂಸರ್ಸ್ ಒಳಗಿನ ಫೋಲ್ಡರಿಗೆ ಇಮೇಲಿನ ಮೊದಲ ಐದಕ್ಷರ ಹೆಸರಾಗುತ್ತದೆ. ಹಳೇದರಲ್ಲಿ ಸ್ಟುಡಿಯೋ ಅಂತಿದ್ದರೆ ಹೊಸದರಲ್ಲೂ ಅದೇ ಕಾಗುಣಿತದ ಲೋಕಲ್ ಖಾತೆ ಮಾಡಿ, ಇಂಗ್ಲಿಷ್ ಅಕ್ಷರದಲ್ಲಿ, ನಡುವೆ ಜಾಗ ಬಿಡದೆ. ಕನ್ನಡ ಅಕ್ಷರದ ಬಳಕೆದಾರ ಹೆಸರಿದ್ದರೆ ಕೆಲವು ಹಳೇ ಪ್ಲಗಿನ್‌ಗಳು ತಮ್ಮ ಪ್ರಿಸೆಟ್ ಫೋಲ್ಡರನ್ನೇ ಕಾಣವು. ಒನ್‌ಡ್ರೈವ್ ಡಾಕ್ಯುಮೆಂಟ್ಸ್ ಅನ್ನು ತನ್ನೊಳಗೆ ಎಳೆದುಕೊಂಡರೂ ಇದೇ ಗತಿ, ಅದರ ಬ್ಯಾಕಪ್ ಮೊದಲ ದಿನವೇ ನಿಲ್ಲಿಸಿ.

ಶಹಾಬಾದ್_ಮಿಕ್ಸ್

ಕ್ಲೋನ್ ಎಂದರೆ ಕೆಟ್ಟದ್ದು ಎಂದು ಯಾರೂ ತಿಳಿಯಬಾರದು ಅಂತ ಬರೆಯುತ್ತಿದ್ದೇನೆ. ಬೋರ್ಡ್ ಅದೇ ಇದ್ದು, 500 ಜಿಬಿ ಡಿಸ್ಕ್ ತುಂಬಿ 1 ಟಿಬಿ ಹಾಕುವುದಾದರೆ ಕ್ಲೋನೇ ಸರಿ. ಕಂಪ್ಯೂಟರಿಗೆ ಕಟ್ಟಿದ ಲೈಸೆನ್ಸ್ ಬಹುತೇಕ ಹಾಗೇ ಉಳಿಯುತ್ತವೆ. ಬಿಟ್‌ಲಾಕರ್ (ವಿಂಡೋಸಿನ ಡಿಸ್ಕ್ ಬೀಗ) ಇದ್ದರೆ ಮೊದಲು ನಿಲ್ಲಿಸಿ, ಕ್ಲೋನೆಜಿಲ್ಲಾ ಪ್ರೋಗ್ರಾಂನಲ್ಲಿ ನಕಲು ಮಾಡಿ, ಮೊದಲ ಸಲ ಬೂಟ್ ಮಾಡುವ ಮುಂಚೆ ಹಳೇ ಡಿಸ್ಕ್ ಕಿತ್ತಿಡಿ. ಎರಡೂ ಇದ್ದರೆ ಒಂದೇ ಗುರುತಿನ ಎರಡು ಡಿಸ್ಕ್ ಆಗಿ ವಿಂಡೋಸ್ ಒಂದನ್ನು ಆಫ್‌ಲೈನ್ ಮಾಡುತ್ತದೆ, ಇಲ್ಲಾ ಡ್ರೈವ್ ಅಕ್ಷರ ಅದಲುಬದಲಾಗುತ್ತದೆ. ಕಲಬುರಗಿಯವರದು ಆ ಪ್ರಕರಣವಲ್ಲ.

ಹೊಸದಾಗಿ ಹಾಕುವಾಗ ಈ ಕ್ರಮ ಹಿಡಿಯಿರಿ. ಡಿಡಿಆರ್5 ಇರುವ ಎಎಂ5 ಬೋರ್ಡ್ (ನಿಮ್ಮ ಬಿ650 ಇದೇ ಜಾತಿ) ಮೊದಲ ಸಲ ಹಚ್ಚಿದಾಗ ಮೆಮೊರಿ ಹೊಂದಿಸಿಕೊಳ್ಳಲು ಹಲವು ನಿಮಿಷ ಕಪ್ಪು ಪರದೆಯಲ್ಲೇ ನಿಲ್ಲಬಹುದು. ಕೆಟ್ಟಿದೆ ಎಂದು ಬಟನ್ ಒತ್ತಿ ಆರಿಸಬೇಡಿ. ಬಯಾಸ್ ಅಪ್‌ಡೇಟ್ ಮಾಡುವುದಿದ್ದರೆ ಯುಪಿಎಸ್ ಮೇಲೆ ಮಾತ್ರ. ನಮ್ಮ ಕಡೆ ಕರೆಂಟ್ ಯಾವಾಗ ಹೋಗುತ್ತದೆ ಹೇಳಲಾಗದು, ನಡುವೆ ಹೋದರೆ ಬೋರ್ಡ್ ಏಳದೇ ಹೋಗಬಹುದು. ಯುಪಿಎಸ್ ಪ್ಯೂರ್ ಸೈನ್‌ವೇವ್ ಇರಲಿ. ಈಗಿನ ಪವರ್‌ಸಪ್ಲೈಗಳಲ್ಲಿ ಆ್ಯಕ್ಟಿವ್ ಪಿಎಫ್‌ಸಿ ಇರುತ್ತದೆ, ಅಗ್ಗದ ಯುಪಿಎಸ್‌ನ ಚೌಕಾಕಾರದ ಅಲೆಗೆ ಕೆಲವು ಅಲ್ಲೇ ಆರಿಹೋಗುತ್ತವೆ.

ವಿಂಡೋಸ್ ಹಾಕುವಾಗ 1 ಟಿಬಿ ಡಿಸ್ಕ್ ಒಂದೇ ಬೋರ್ಡಿನಲ್ಲಿರಲಿ. ಎರಡೂ ಇದ್ದರೆ ಬೂಟ್ ಪಾರ್ಟಿಷನ್ ಎರಡನೇದರ ಮೇಲೆ ಹೋಗಿ ಕೂರಬಹುದು, ಮುಂದೆ ಸ್ಯಾಂಪಲ್ ಡಿಸ್ಕ್ ಬದಲಿಸಿದ ದಿನ ಪಿಸಿಯೇ ಏಳುವುದಿಲ್ಲ. ವಿಂಡೋಸ್ ಅಪ್‌ಡೇಟ್ ಪೂರ್ತಿ ಮುಗಿಸಿ, ಎಎಂಡಿ ಚಿಪ್‌ಸೆಟ್ ಡ್ರೈವರ್, ಗ್ರಾಫಿಕ್ಸ್, ಲ್ಯಾನ್ ಹಾಕಿ. ಆಮೇಲೆ ಆಡಿಯೋ ಇಂಟರ್‌ಫೇಸ್ (ಮೈಕಿನ ದನಿ ಪಿಸಿಗೆ ಕೊಡುವ ಪೆಟ್ಟಿಗೆ) ಡ್ರೈವರ್, ಅದು ಮುಗಿದ ಮೇಲೆಯೇ ಇಂಟರ್‌ಫೇಸ್ ಕೇಬಲ್. ಪವರ್ ಪ್ಲಾನ್ ಹೈ ಪರ್ಫಾರ್ಮೆನ್ಸ್, ಯುಎಸ್‌ಬಿ ಸೆಲೆಕ್ಟಿವ್ ಸಸ್ಪೆಂಡ್ ಬಂದ್. ಡಿವೈಸ್ ಎನ್‌ಕ್ರಿಪ್ಷನ್ ಚಾಲೂ ಇದೆಯೇ ನೋಡಿ. ಇದ್ದರೆ ರಿಕವರಿ ಕೀ ಕಾಗದದ ಮೇಲೆ ಬರೆದಿಡಿ, ಇಲ್ಲಾ ಬಂದ್ ಮಾಡಿ.

ಈಗ ಒಂದು ಪ್ಲಗಿನ್ನೂ ಇಲ್ಲದ ಸ್ಥಿತಿಯಲ್ಲಿ ಲೇಟೆನ್ಸಿಮಾನ್ (ಡ್ರೈವರ್‌ಗಳ ವಿಳಂಬ ಅಳೆಯುವ ಪ್ರೋಗ್ರಾಂ) 15 ನಿಮಿಷ ಓಡಿಸಿ. ಕೆಂಪು ಬಂದರೆ ಇಲ್ಲೇ ಸರಿಪಡಿಸಿ, ವೈಫೈ ಬಂದ್ ಮಾಡಿ ನೋಡುವುದು ಮೊದಲ ಹೆಜ್ಜೆ. ಹಸಿರು ಬಂದಾಗ ಡಿಸ್ಕಿನ ಪೂರ್ತಿ ಇಮೇಜ್ ತೆಗೆದು ಹೊರಗಿನ ಹಾರ್ಡ್‌ಡಿಸ್ಕಿನಲ್ಲಿಡಿ. ನಂತರ ಕ್ಯೂಬೇಸ್, ಲೈಸೆನ್ಸ್ ಮ್ಯಾನೇಜರ್‌ಗಳು, ಪ್ಲಗಿನ್. ಪ್ಲಗಿನ್ ಒಂದೇ ಸಲ ಐವತ್ತು ಹಾಕಬೇಡಿ. ಐದಾರು ಹಾಕಿ, ಕ್ಯೂಬೇಸ್ ತೆರೆದು, ಮುಂದಿನ ಐದಾರು. ಕೆಟ್ಟದ್ದು ಯಾವುದೆಂದು ಆಗ ಗೊತ್ತಾಗುತ್ತದೆ.

ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಊರು ನಮ್ಮದು. ಎರಡೂ ಎನ್‌ವಿಎಂಇಗೆ ಹೀಟ್‌ಸಿಂಕ್ ಹಾಕಿ, ಕಾದಾಗ ವೇಗ ಇಳಿಸಿಕೊಳ್ಳುತ್ತವೆ.

ಮ್ಯಾಕ್ ಬಳಸುವವರಿಗೆ ಎರಡು ಮಾತು. ಇಂಟೆಲ್ ಮ್ಯಾಕ್‌ನಿಂದ ಎಂ ಸರಣಿಯ ಚಿಪ್ ಇರುವ ಮ್ಯಾಕ್‌ಗೆ ಹೋಗುವಾಗ ಮೈಗ್ರೇಷನ್ ಅಸಿಸ್ಟೆಂಟ್‌ನಲ್ಲಿ ಬಳಕೆದಾರ ಖಾತೆ ಮಾತ್ರ ಆರಿಸಿ, ಅಪ್ಲಿಕೇಷನ್ ಮತ್ತು ಸೆಟ್ಟಿಂಗ್ ಟಿಕ್ ತೆಗೆಯಿರಿ. ಇಂಟೆಲ್ ಕಾಲದ ಆಡಿಯೋ ಡ್ರೈವರ್ ಅಲ್ಲಿ ನಡೆಯುವುದಿಲ್ಲ. ಹಳೇ ಪ್ಲಗಿನ್ ರೊಸೆಟಾ (ಇಂಟೆಲ್ ಪ್ರೋಗ್ರಾಂಗಳನ್ನು ಓಡಿಸುವ ಆ್ಯಪಲ್‌ನ ವ್ಯವಸ್ಥೆ) ಮೇಲೆ ಓಡಿದರೂ ಅದನ್ನು ನೆಚ್ಚಬೇಡಿ. ಮ್ಯಾಕ್‌ಒಎಸ್ 27ರ ನಂತರ ರೊಸೆಟಾ ಬಹುಮಟ್ಟಿಗೆ ಹೋಗುತ್ತದೆ ಎಂದು ಆ್ಯಪಲ್ 2025ರಲ್ಲೇ ತಿಳಿಸಿದೆ.

ತಂಬೂರಿ_ಕಲಬುರಗಿ

ಎಲ್ಲರಿಗೂ ಧನ್ಯವಾದ. ಹೊಸದಾಗಿಯೇ ಹಾಕುವುದು ಎಂದು ತೀರ್ಮಾನ. ವಿಂಡೋಸ್, ಇಂಟರ್‌ಫೇಸ್ ಡ್ರೈವರ್ ಆಯಿತು, ಲೇಟೆನ್ಸಿಮಾನ್ ಹಸಿರು. ಉಳಿದದ್ದು ಮೂರು. 800 ಜಿಬಿ ಸ್ಯಾಂಪಲ್ ಮತ್ತೆ ಡೌನ್‌ಲೋಡ್ ಮಾಡಬೇಕಾ? ಡಾಂಗಲ್ ಹಚ್ಚಿ ಒಂದು ಭಜನೆಯ ನಕಲು ತೆರೆದರೆ ಎಲ್ಲಾ ದನಿಯೂ ಮೇಲಿನ ಶ್ರುತಿಯಲ್ಲಿ, ತುಸು ಅವಸರದಲ್ಲಿ ಕೇಳುತ್ತಿದೆ, ಯಾಕೆ? ಹಾಡಿನ ಸಾಹಿತ್ಯದ ಫೈಲ್‌ಗಳಲ್ಲಿ ಕನ್ನಡದ ಬದಲು ಇಂಗ್ಲಿಷ್ ಚಿಹ್ನೆಗಳ ರಾಶಿ ಕಾಣುತ್ತಿದೆ.

ಬೀದರ್_ಕನ್ಸೋಲ್

ಶ್ರುತಿ ಏರಿದ್ದು ಸ್ಯಾಂಪಲ್ ರೇಟಿನಿಂದ, ಅಂದ್ರ ಸೆಕೆಂಡಿಗೆ ದನಿ ಎಷ್ಟು ಸಲ ಅಳೀತಾರ ಅನ್ನೋ ಅಂಕಿ. 44.1 ಕಿಲೋಹರ್ಟ್ಜಿನಾಗ ಹಿಡಿದ ಆಡಿಯೋ 48ರಾಗ ಓಡ್ತದ, ಸುಮಾರು ಒಂದೂವರೆ ಮನೆ ಮ್ಯಾಲೆ ಹೋಗ್ತದ. ಹಾರ್ಮೋನಿಯಂ ಕಪ್ಪು 1ರಾಗ ನುಡಿಸಿದ್ದು ಬಿಳಿ 2ಕ್ಕೂ ಕಪ್ಪು 2ಕ್ಕೂ ನಡುವ, ಯಾವ ಪಟ್ಟಿಗೂ ಕೂಡದಂಗ ಕೇಳ್ತದ. ಖಾತ್ರಿ ಮಾಡ್ಕೋಬೇಕಂದ್ರ ಗಡಿಯಾರ ಇಟ್ಕೊಂಡು ಅಳೀರಿ: 60 ಸೆಕೆಂಡಿನ ತುಣುಕು 55 ಸೆಕೆಂಡಿಗೆ ಮುಗೀತದ.

ಇಂಟರ್‌ಫೇಸಿನ ಕಂಟ್ರೋಲ್ ಪ್ಯಾನೆಲಿನಾಗ 44.1 ಮಾಡ್ರಿ, ಕ್ಯೂಬೇಸ್ ಪ್ರಾಜೆಕ್ಟ್ ಸೆಟಪ್‌ನಾಗೂ 44.1 ಇರಬೇಕು. ಸ್ಟುಡಿಯೋ ಸೆಟಪ್‌ನಾಗ ಎಕ್ಸ್‌ಟರ್ನಲಿ ಕ್ಲಾಕ್ಡ್ ಟಿಕ್ ಇದ್ರ ತೆಗೀರಿ. ವಿಂಡೋಸಿನ ಸ್ಪೀಕರ್ ಅಂತ ಇಂಟರ್‌ಫೇಸನ್ನೇ ಆರಿಸಿದ್ರ ಬ್ರೌಸರ್ ಅದನ್ನ 48ಕ್ಕ ಹಿಡಿದಿಡಬಹುದು. ವಿಂಡೋಸ್ ಶಬ್ದ ಬೋರ್ಡಿನ ಸೌಂಡಿಗೆ ಬಿಟ್ಟು, ಇಂಟರ್‌ಫೇಸನ್ನ ಕ್ಯೂಬೇಸಿಗಷ್ಟೇ ಇಡ್ರಿ. ಫೈಲ್ ಕನ್ವರ್ಟ್ ಮಾಡಲೇನು ಅಂತ ಕೇಳಿದ್ರ ಬ್ಯಾಡ ಅನ್ರಿ, ತಪ್ಪಿರೋದು ಫೈಲಲ್ಲ.

ಯಾದಗಿರಿ_ಆಡಿಯೋ

ಸ್ಯಾಂಪಲ್ ಡೌನ್‌ಲೋಡ್ ಬೇಡ. 50 ಎಂಬಿಪಿಎಸ್ ಲೈನಿನಲ್ಲಿ 800 ಜಿಬಿಗೆ 35 ತಾಸಿಗೂ ಹೆಚ್ಚು, ಅದೂ ಒಮ್ಮೆಯೂ ನಿಲ್ಲದಿದ್ದರೆ. ಹಳೇ ಹಾರ್ಡ್‌ಡಿಸ್ಕನ್ನು ಸಾಟಾ ಕೇಬಲಿನಲ್ಲಿ ನೇರ ಹೊಸ ಬೋರ್ಡಿಗೆ ಹಚ್ಚಿ 2 ಟಿಬಿ ಎನ್‌ವಿಎಂಇಗೆ ನಕಲು ಮಾಡಿ. ಸೆಕೆಂಡಿಗೆ 120 ಎಂಬಿ ಸಿಕ್ಕರೆ ಎರಡು ತಾಸಿನೊಳಗೆ, ಸಣ್ಣ ಫೈಲ್ ಬಹಳ ಇದ್ದರೆ ಇನ್ನೊಂದಿಷ್ಟು ಹೊತ್ತು. ಮುಗಿದ ಮೇಲೆ ಎರಡೂ ಫೋಲ್ಡರಿನ ಗಾತ್ರ, ಫೈಲ್ ಸಂಖ್ಯೆ ಬೈಟ್‌ವರೆಗೆ ತಾಳೆ ನೋಡಿ. ನಂತರ ಹಳೇದನ್ನು ಕಿತ್ತು, ಡಿಸ್ಕ್ ಮ್ಯಾನೇಜ್‌ಮೆಂಟಿನಲ್ಲಿ ಹೊಸ ಡಿಸ್ಕಿಗೆ ಡಿ ಅಕ್ಷರವನ್ನೇ ಕೊಡಿ. ಫೋಲ್ಡರ್ ಹೆಸರೂ ಅದೇ ಇದ್ದರೆ ಹಳೇ ಪ್ರಾಜೆಕ್ಟಿಗೆ ಬದಲಾವಣೆ ಆಗಿದ್ದೇ ತಿಳಿಯದು.

ನೇಟಿವ್ ಆಕ್ಸೆಸ್‌ನಿಂದ (ಕಾಂಟ್ಯಾಕ್ಟ್ ಕಂಪನಿಯ ಇನ್‌ಸ್ಟಾಲ್ ಪ್ರೋಗ್ರಾಂ) ಕಾಂಟ್ಯಾಕ್ಟ್ ಮಾತ್ರ ಇನ್‌ಸ್ಟಾಲ್ ಮಾಡಿ. ಲೈಬ್ರರಿಗಳಿಗೆ ಇನ್‌ಸ್ಟಾಲ್ ಒತ್ತದೆ ಲೊಕೇಟ್ ಒತ್ತಿ ಡಿ ಡ್ರೈವಿನ ಫೋಲ್ಡರ್ ತೋರಿಸಿ. ನೀವೇ ಹಿಡಿದು ಕಟ್ಟಿದ ದಮ್ಮಡಿ, ಚೌಡಿಕೆಯ ವಾದ್ಯಗಳಿದ್ದರೆ ಅವು ನೇಟಿವ್ ಆಕ್ಸೆಸ್‌ನಲ್ಲಿ ಕಾಣುವುದಿಲ್ಲ. ವಾದ್ಯದ ಫೈಲ್ ಮತ್ತು ಸ್ಯಾಂಪಲ್ ಫೋಲ್ಡರ್ ಅಕ್ಕಪಕ್ಕ ಇದ್ದ ಹಾಗೇ ಇರಲಿ. ಸ್ಯಾಂಪಲ್ ಸಿಗದು ಎಂದರೆ ಒಂದು ನಕಲು ಇಟ್ಟುಕೊಂಡು ಕಾಂಟ್ಯಾಕ್ಟ್‌ನ ಬ್ಯಾಚ್ ರೀಸೇವ್ ಓಡಿಸಿ, ವಿಳಾಸಗಳು ಹೊಸದಾಗಿ ಬರೆದುಕೊಳ್ಳುತ್ತವೆ.

ಸಾಹಿತ್ಯದ ಫೈಲ್ ಹಾಳಾಗಿಲ್ಲ. ಯೂನಿಕೋಡ್ ಅಲ್ಲದ ಹಳೇ ನುಡಿ ಅಥವಾ ಬರಹ ಫಾಂಟಿನಲ್ಲಿ ಟೈಪ್ ಮಾಡಿದ್ದು, ಹೊಸ ಪಿಸಿಯಲ್ಲಿ ಆ ಫಾಂಟ್ ಇಲ್ಲ. ಹಳೇ ಪಿಸಿಯ ವಿಂಡೋಸ್ ಫಾಂಟ್ಸ್ ಫೋಲ್ಡರಿನಿಂದ ನುಡಿ, ಬರಹ ಹೆಸರಿನವನ್ನು ಪೆನ್‌ಡ್ರೈವಿಗೆ ಹಾಕಿ ತಂದು ಇನ್‌ಸ್ಟಾಲ್ ಮಾಡಿ, ಅಕ್ಷರ ಬರುತ್ತದೆ. ಬಂದ ಮೇಲೆ ನುಡಿಯ ಪರಿವರ್ತಕದಲ್ಲಿ ಯೂನಿಕೋಡ್‌ಗೆ ಬದಲಿಸಿ, ಒತ್ತಕ್ಷರ ಮತ್ತು ಅರ್ಕಾವತ್ತು ಇರುವ ಸಾಲುಗಳನ್ನು ಒಮ್ಮೆ ಓದಿ ನೋಡಿ ಆಯಾ ಹಾಡಿನ ಪ್ರಾಜೆಕ್ಟ್ ಫೋಲ್ಡರಿನೊಳಗೇ ಇಡಿ.